ಸುಡದೆ ಉಳಿದ ಕಡತಗಳು

ಮನುಷ್ಯನ ಹೆಸರು, ವಿಳಾಸ, ಬೆರಳಚ್ಚುಗಳನ್ನು ಕಾಯಲು ಕಾನೂನೊಂದೇ ಸಾಕೇ? ಇವೆಲ್ಲವೂ ಇಂದು ಕಂಪ್ಯೂಟರಿನೊಳಗೆ ಸೇರಿರುವುದರಿಂದ ಪ್ರಶ್ನೆ ಹೊಸದೆನಿಸುತ್ತದೆ. ಆದರೆ ಇತಿಹಾಸವು ಕಾಗದದ ಕಾಲದಲ್ಲಿಯೇ ಇದಕ್ಕೆ ಉತ್ತರ ನೀಡಿದೆ.

ಎರಡನೇ ಮಹಾಯುದ್ಧಕ್ಕೆ ಮುನ್ನ ನೆದರ್‌ಲ್ಯಾಂಡ್ಸ್ ದೇಶದಲ್ಲಿ ಅತ್ಯಂತ ವ್ಯವಸ್ಥಿತವಾದ ಜನನೋಂದಣಿ ಇತ್ತು. ನಿವಾಸಿಗಳ ಹೆಸರು, ವಿಳಾಸಗಳೊಂದಿಗೆ ಧರ್ಮವನ್ನೂ ಅದರಲ್ಲಿ ದಾಖಲಿಸಲಾಗುತ್ತಿತ್ತು. 1940ರ ಮೇ ತಿಂಗಳಲ್ಲಿ ನಾಝಿ ಸೇನೆ ದೇಶವನ್ನು ಆಕ್ರಮಿಸಿತು. ಕಡತಗಳು ಅವೇ ಆಗಿದ್ದವು, ಒಡೆಯರು ಬದಲಾದರು. 1941ರಲ್ಲಿ ಭಾವಚಿತ್ರ, ಬೆರಳಚ್ಚುಗಳುಳ್ಳ ಗುರುತಿನ ಚೀಟಿ ಜಾರಿಗೆ ಬಂತು. ಅದನ್ನು ರೂಪಿಸಿದವನು ಯಾಕೋಬಸ್ ಲೆಂಟ್ಸ್ ಎಂಬ ಡಚ್ ಅಧಿಕಾರಿ. ಯಹೂದಿಯರ ಚೀಟಿಗಳ ಮೇಲೆ ‘ಜೆ’ ಎಂಬ ಅಕ್ಷರವನ್ನು ಒತ್ತಲಾಯಿತು. ಗಮನಿಸಬೇಕಾದುದೇನೆಂದರೆ, ಇದೆಲ್ಲವೂ ನಡೆದದ್ದು ಸರಕಾರಿ ಆಜ್ಞೆಗಳ ಮೂಲಕವೇ.

ಪ್ರತಿರೋಧದ ಗುಂಪುಗಳು ನಕಲಿ ಚೀಟಿ ತಯಾರಿಸಿ ಅನೇಕರನ್ನು ರಕ್ಷಿಸಲು ಯತ್ನಿಸಿದವು. ಆದರೆ ಮೂಲ ಕಡತದೊಂದಿಗೆ ಹೋಲಿಸಿದೊಡನೆ ನಕಲು ಬಯಲಾಗುತ್ತಿತ್ತು. ಆದ್ದರಿಂದ 1943ರ ಮಾರ್ಚ್ 27ರ ರಾತ್ರಿ ವಿಲ್ಲೆಮ್ ಅರೊಂಡೆಯಸ್, ಗೆರಿಟ್ ವಾನ್ ಡೆರ್ ವೇನ್ ಮೊದಲಾದವರು ಪೊಲೀಸರ ವೇಷದಲ್ಲಿ ಆಮ್‌ಸ್ಟರ್‌ಡ್ಯಾಮಿನ ನೋಂದಣಿ ಕಚೇರಿಯನ್ನು ಪ್ರವೇಶಿಸಿದರು. ಕಾವಲುಗಾರರನ್ನು ಕೊಲ್ಲದೆ, ಮತ್ತಿನ ಮದ್ದು ನೀಡಿ ಹೊರಗೆ ಸಾಗಿಸಿ, ಕಟ್ಟಡವನ್ನು ಸ್ಫೋಟಿಸಿದರು. ಅಗ್ನಿಶಾಮಕ ದಳದವರು ತಡವಾಗಿ ಬಂದು, ಉಳಿದ ಕಾಗದಗಳೂ ಹಾಳಾಗಲೆಂದು ಧಾರಾಳವಾಗಿ ನೀರು ಸುರಿದರು. ಹಾಗಿದ್ದೂ ನಾಶವಾದದ್ದು ಸುಮಾರು ಶೇಕಡಾ 15ರಷ್ಟು ದಾಖಲೆಗಳು ಮಾತ್ರ. ಜುಲೈ 1ರಂದು ಅರೊಂಡೆಯಸ್ ಸೇರಿದಂತೆ 12 ಮಂದಿಯನ್ನು ಗುಂಡಿಟ್ಟು ಕೊಲ್ಲಲಾಯಿತು. ಆ ದೇಶದ ಸುಮಾರು 1,40,000 ಯಹೂದಿಯರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಹತರಾದರು.

ನಮ್ಮ ದೇಶದಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಅದರ ಫಲವಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವಾನುಮತದಿಂದ ಸಾರಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂತು. ಆದರೆ ಅದರ 17ನೇ ಕಲಮು, ಭದ್ರತೆ ಮುಂತಾದ ಕಾರಣಗಳಿಗಾಗಿ ಸರಕಾರಿ ಸಂಸ್ಥೆಗಳಿಗೆ ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರ ಸರಕಾರದ ಕೈಯಲ್ಲೇ ಇರಿಸಿದೆ.

ಹಾಗಾದರೆ ಕಾನೂನು ವ್ಯರ್ಥವೇ? ಅಲ್ಲ. ಅದಿಲ್ಲದಿದ್ದರೆ ನ್ಯಾಯಾಲಯದ ಬಾಗಿಲು ತಟ್ಟಲು ನಮಗೆ ಆಧಾರವೇ ಇರದು. ಆದರೆ ಕಾನೂನನ್ನು ತಿದ್ದುವುದು ಸುಲಭ. ಒಮ್ಮೆ ಬರೆದಿಟ್ಟ ಕಡತವನ್ನು ಅಳಿಸುವುದು ಕಷ್ಟ. ಜನರ ಮಾಹಿತಿ ಅಧಿಕಾರದಲ್ಲಿರುವವರಿಗೆ ಒಪ್ಪಿಸಿದ ಅಮಾನತ್ತು. ಅಗತ್ಯವಿಲ್ಲದ್ದನ್ನು ಕೇಳದಿರುವುದು ಅದರ ಮೊದಲ ರಕ್ಷಣೆ. ಏಕೆ ಕೇಳುತ್ತೀರಿ ಎಂದು ಪ್ರಶ್ನಿಸುವುದು ಪ್ರಜೆಯ ಹಕ್ಕು ಮಾತ್ರವಲ್ಲ, ಹೊಣೆಯೂ ಹೌದು.