ಗೋಪುರದ ಎತ್ತರ, ಬಾವಿಯ ಆಳ



ನವೆಂಬರ್ 9ರಂದು ಧರ್ಮಸಭೆಯು ರೋಮಾಪುರಿಯ ಲಾತೆರಾನ್ ಮಹಾದೇವಾಲಯದ ಪ್ರತಿಷ್ಠಾಪನೆಯ ಹಬ್ಬವನ್ನು ಆಚರಿಸುತ್ತದೆ. ಕ್ರಿ.ಶ. 324ರಲ್ಲಿ ಪೋಪ್ ಸಂತ ಸಿಲ್ವೆಸ್ಟರ್ ಅವರು ಅದನ್ನು ದೇವರಿಗೆ ಅರ್ಪಿಸಿದರೆಂಬುದು ಪರಂಪರೆಯ ಮಾತು. ಕಲ್ಲು ಗಾರೆಯ ಕಟ್ಟಡಕ್ಕೂ ಒಂದು ಹಬ್ಬವೇ ಎಂದು ಕೇಳುವವರುಂಟು. ಅದಕ್ಕೆ ಉತ್ತರ ಆ ದಿನದ ಮೊದಲನೆಯ ವಾಚನದಲ್ಲಿದೆ. ಪ್ರವಾದಿ ಯೆಜೆಕಿಯೇಲನ ದರ್ಶನದಲ್ಲಿ ದೇವಾಲಯದ ಹೊಸ್ತಿಲ ಕೆಳಗಿನಿಂದ ನೀರು ಹೊರಟು ಹರಿಯುತ್ತದೆ. ಅದು ಹರಿದಲ್ಲೆಲ್ಲಾ ಮರಗಳು ಫಲ ಕೊಡುತ್ತವೆ, ಉಪ್ಪುನೀರು ಸಿಹಿಯಾಗುತ್ತದೆ. ದೇವಾಲಯದ ಬಾಗಿಲು ಎಲ್ಲರ ಕಣ್ಣಿಗೆ ಕಾಣುತ್ತದೆ; ಜೀವ ಕೊಡುವ ನೀರು ಹೊಸ್ತಿಲ ಕೆಳಗಿನಿಂದ ಬರುತ್ತದೆ.

ಈ ವಾಚನವನ್ನು ಧ್ಯಾನಿಸುವಾಗ ನೆನಪಿಗೆ ಬರುವ ಒಂದು ದೇವಾಲಯ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿದೆ. ಅಲ್ಲಿನ ಸಂತ ಪ್ಯಾಟ್ರಿಕರ ಪ್ರಧಾನಾಲಯದ ಪಕ್ಕದಲ್ಲಿ, ನೆಲದಡಿಯಲ್ಲಿ, ಹತ್ತು ಬಾವಿಗಳಿವೆ. ಚಳಿಗಾಲದಲ್ಲಿ ಭಕ್ತಜನರನ್ನು ಬೆಚ್ಚಗಿಡುವುದೂ ಬೇಸಿಗೆಯಲ್ಲಿ ತಂಪಾಗಿಡುವುದೂ ಆ ಬಾವಿಗಳ ನೀರೇ.

ಚಳಿಯಲ್ಲಿ ಬಲಿಪೂಜೆ

ನಮ್ಮ ನಾಡಿನವರಿಗೆ ಯೂರೋಪಿನ ಚಳಿಯ ಕಲ್ಪನೆ ಕಷ್ಟ. ಮಧ್ಯಯುಗದ ಮಹಾದೇವಾಲಯಗಳಲ್ಲಿ ಬೆಚ್ಚಗಿರಲು ಯಾವ ಏರ್ಪಾಡೂ ಇರಲಿಲ್ಲ. ಬಲಿಪೂಜೆ ಅರ್ಪಿಸುವ ಗುರುವಿನ ಬೆರಳುಗಳು ಮರಗಟ್ಟಿ ಪಾನಪಾತ್ರೆ ಕೈಜಾರಬಾರದೆಂದು ಕೆಂಡವನ್ನೋ ಬಿಸಿನೀರನ್ನೋ ತುಂಬಿದ ಲೋಹದ ಗುಂಡೊಂದನ್ನು ಪೀಠದ ಬಳಿ ಇಡುವ ರೂಢಿಯಿತ್ತು. ಮಠಗಳಲ್ಲಿ ಸಂನ್ಯಾಸಿಗಳು ಮೈ ಕಾಯಿಸಿಕೊಳ್ಳಲು ಒಂದು ಕೋಣೆ ಮಾತ್ರ ಇರುತ್ತಿತ್ತು. ಒಂಬತ್ತನೆಯ ಶತಮಾನದ ಸಂತ ಗಾಲ್ ಮಠದ ಪ್ರಸಿದ್ಧ ನಕಾಶೆಯಲ್ಲಿ ಅಂಥ ಕೋಣೆಯೂ, ಅದರ ನೆಲದಡಿಗೆ ಶಾಖ ಹಾಯಿಸುವ ಕುಲುಮೆಯೂ ಇವೆ. ಮುಂದೆ ಕಲ್ಲಿದ್ದಲು, ಉಗಿ, ಎಣ್ಣೆ, ವಿದ್ಯುತ್ತು ಬಂದವು. ದೇವಾಲಯ ಬೆಚ್ಚಗಾಯಿತು, ಆದರೆ ಅದಕ್ಕಾಗಿ ಎಲ್ಲೋ ಒಂದು ಕಡೆ ಹೊಗೆ ಏಳತೊಡಗಿತು.

ಬಡವರು ಕಟ್ಟಿದ ಪ್ರಧಾನಾಲಯ

1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಭೀಕರ ಕ್ಷಾಮ ಬಂತು. ಹಸಿವಿನಿಂದ ತಪ್ಪಿಸಿಕೊಂಡು ಲಕ್ಷಾಂತರ ಕಥೋಲಿಕರು ಹಡಗು ಹತ್ತಿ ಅಮೆರಿಕ ಸೇರಿದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೂಲಿ ಕೆಲಸ, ಮನೆಗೆಲಸ ಮತ್ತು ತಿರಸ್ಕಾರ. 1844ರಲ್ಲಿ ಫಿಲಡೆಲ್ಫಿಯಾದಲ್ಲಿ ಕಥೋಲಿಕ ದೇವಾಲಯಗಳಿಗೆ ಬೆಂಕಿಯಿಟ್ಟ ಉದಾಹರಣೆಯೂ ಕಣ್ಣಮುಂದಿತ್ತು. ಇಂಥ ಜನರ ಪಾಲಕರಾಗಿದ್ದವರು ನ್ಯೂಯಾರ್ಕಿನ ಮಹಾಧರ್ಮಾಧ್ಯಕ್ಷ ಜಾನ್ ಹ್ಯೂಸ್. ಐರ್ಲೆಂಡಿನಿಂದ ಬಂದು, ತೋಟದ ಕೆಲಸ ಮಾಡಿ ಗುರುಮಠ ಸೇರಿದವರು ಅವರು.

ಊರಿನಿಂದ ದೂರದಲ್ಲಿದ್ದ ಜಾಗದಲ್ಲಿ ಅಮೃತಶಿಲೆಯ ಮಹಾದೇವಾಲಯ ಕಟ್ಟುವೆನೆಂದು ಅವರು ಹೇಳಿದಾಗ ಜನ ನಕ್ಕರು. ಇದು ಹ್ಯೂಸರ ಹುಚ್ಚು ಎಂದರು. 1858ರ ಆಗಸ್ಟ್ 15ರಂದು, ಮಾತೆಯ ಸ್ವರ್ಗಸ್ವೀಕಾರದ ಹಬ್ಬದಂದು, ಅಸ್ತಿವಾರದ ಕಲ್ಲಿಟ್ಟರು. ವಾಸ್ತುಶಿಲ್ಪಿ ಜೇಮ್ಸ್ ರೆನ್‌ವಿಕ್. ಅಮೆರಿಕದ ಅಂತರ್ಯುದ್ಧ ಬಂದು ಕೆಲಸ ನಿಂತಿತು. 1864ರಲ್ಲಿ ಹ್ಯೂಸ್ ತೀರಿಕೊಂಡರು. ಮುಗಿದ ದೇವಾಲಯವನ್ನು ಅವರು ನೋಡಲಿಲ್ಲ. 1879ರಲ್ಲಿ ಬಾಗಿಲು ತೆರೆಯಿತು, 1888ರಲ್ಲಿ ಜೋಡಿ ಗೋಪುರಗಳು 330 ಅಡಿ ಎತ್ತರಕ್ಕೆ ಏರಿದವು. ಸಾಲವೆಲ್ಲಾ ತೀರಿದ ಮೇಲೆ 1910ರಲ್ಲಿ ದೇವಾಲಯದ ವಿಧಿವತ್ತಾದ ಅಭಿಷೇಕವಾಯಿತು. ಶ್ರೀಮಂತರು ದೊಡ್ಡ ಮೊತ್ತ ಕೊಟ್ಟಿದ್ದು ನಿಜ. ಆದರೆ ಮನೆಗೆಲಸದ ಹೆಣ್ಣುಮಕ್ಕಳ, ಕೂಲಿಯಾಳುಗಳ ಚಿಲ್ಲರೆ ಕಾಸು ಸೇರದೆ ಆ ಗೋಡೆ ಏಳುತ್ತಿರಲಿಲ್ಲ. ಊರಾಚೆಯ ಆ ಜಾಗ ಇಂದು ನಗರದ ನಡುಮಧ್ಯೆ ಇದೆ.

ಹತ್ತು ಬಾವಿಗಳು

ಕಾಲ ಕಳೆದಂತೆ ಅಮೃತಶಿಲೆ ಮಾಸಿ ಬಿರುಕು ಬಿಟ್ಟಿತು. 2012ರಿಂದ 2015ರವರೆಗೆ ಸುಮಾರು 17.7 ಕೋಟಿ ಡಾಲರ್ ವೆಚ್ಚದಲ್ಲಿ ಜೀರ್ಣೋದ್ಧಾರ ನಡೆಯಿತು. ದಶಕಗಳಷ್ಟು ಹಳೆಯ ಶಾಖದ ಮತ್ತು ತಂಪಿನ ಯಂತ್ರಗಳನ್ನೂ ಬದಲಿಸಬೇಕಿತ್ತು. ಸಾಮಾನ್ಯ ಯಂತ್ರಗಳನ್ನು ಕೂರಿಸಿದರೆ ಬೇಗ ಮುಗಿಯುತ್ತಿತ್ತು, ಮೊದಲ ಖರ್ಚೂ ಕಡಿಮೆ. ಆದರೆ ಪ್ರಧಾನಾಲಯದವರು ಬೇರೆ ದಾರಿ ಹಿಡಿದರು. ದೇವಾಲಯದ ಉತ್ತರ ಮತ್ತು ದಕ್ಷಿಣ ಬದಿಗಳಲ್ಲಿ, ಗಟ್ಟಿ ಬಂಡೆಯನ್ನು ಕೊರೆದು ಹತ್ತು ಬಾವಿಗಳನ್ನು ತೋಡಿಸಿದರು. ಅವುಗಳ ಆಳ 2,200 ಅಡಿಗಳವರೆಗೆ. ಕೋಲಾರದ ಕಡೆ ಸಾವಿರ ಅಡಿ ದಾಟುವ ಕೊಳವೆಬಾವಿಗಳನ್ನು ಬಲ್ಲವರಿಗೆ ಈ ಆಳ ಎಷ್ಟೆಂದು ತಿಳಿದೀತು. ಗೋಪುರ ಆಕಾಶಕ್ಕೆ ಏರಿರುವುದಕ್ಕಿಂತ ಆರು ಪಟ್ಟು ಹೆಚ್ಚು ಆಳಕ್ಕೆ ಬಾವಿ ಇಳಿದಿದೆ. 2017ರಲ್ಲಿ ಈ ವ್ಯವಸ್ಥೆ ಕೆಲಸ ಆರಂಭಿಸಿತು.

ಇದರ ಗುಟ್ಟು ನಮ್ಮ ಅಜ್ಜಿಯರಿಗೂ ತಿಳಿದಿತ್ತು. ಬಾವಿಯ ನೀರು ಬೇಸಿಗೆಯಲ್ಲಿ ತಂಪು, ಚಳಿಗಾಲದ ಬೆಳಗಿನಲ್ಲಿ ಬೆಚ್ಚಗೆ. ನೀರು ಹೆಚ್ಚುಕಡಿಮೆ ಒಂದೇ ಹದದಲ್ಲಿರುತ್ತದೆ, ಬದಲಾಗುವುದು ಹೊರಗಿನ ಗಾಳಿ. ನ್ಯೂಯಾರ್ಕಿನ ನೆಲದಡಿ ಈ ಹದ ಸುಮಾರು 13 ಡಿಗ್ರಿ ಸೆಲ್ಸಿಯಸ್. ಬಾವಿಯ ನೀರನ್ನು ಮೇಲೆತ್ತಿ, ಶಾಖವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಯಂತ್ರಗಳ ಮೂಲಕ ಹಾಯಿಸುತ್ತಾರೆ. ಮನೆಯ ಫ್ರಿಜ್ಜು ಒಳಗಿನ ಶಾಖವನ್ನು ಹೊರತಳ್ಳುವುದರಿಂದಲೇ ಅದರ ಹಿಂಬದಿ ಬೆಚ್ಚಗಿರುತ್ತದಲ್ಲವೇ? ತತ್ವ ಅದೇ. ಚಳಿಗಾಲದಲ್ಲಿ ನೀರಿನ ಶಾಖ ದೇವಾಲಯದೊಳಕ್ಕೆ ಬರುತ್ತದೆ. ಬೇಸಿಗೆಯಲ್ಲಿ ದೇವಾಲಯದ ಸೆಖೆ ನೀರಿನೊಂದಿಗೆ ಭೂಮಿಗೆ ಇಳಿಯುತ್ತದೆ. ಇಂಥ ಯಂತ್ರದ ಆಲೋಚನೆಯನ್ನು ವಿಜ್ಞಾನಿ ಲಾರ್ಡ್ ಕೆಲ್ವಿನ್ 1852ರಲ್ಲೇ ಮುಂದಿಟ್ಟಿದ್ದರು. ಯಂತ್ರ ನಡೆಯಲು ವಿದ್ಯುತ್ತು ಬೇಕು, ನಿಜ. ಆದರೂ ಇಂಧನದ ಬಳಕೆ ಸುಮಾರು ಶೇಕಡ 30ರಷ್ಟು ಇಳಿಯುತ್ತದೆಂದು ಯೋಜನೆ ರೂಪಿಸಿದವರ ಅಂದಾಜು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಮೇಲೆತ್ತಿದ ನೀರನ್ನು ಅವರು ಮರಳಿ ಬಾವಿಗೇ ಬಿಡುತ್ತಾರೆ. ನಾವು ಕೊರೆಯುವ ಕೊಳವೆಬಾವಿಗಳು ಹೆಚ್ಚಾಗಿ ಭೂಮಿಯಿಂದ ಪಡೆಯುತ್ತವೆಯೇ ಹೊರತು ಹಿಂದಿರುಗಿಸುವುದಿಲ್ಲ.

ಕಾಣದ ಕಾಣಿಕೆ

2015ರ ಮೇ 24ರಂದು ಪೋಪ್ ಫ್ರಾನ್ಸಿಸ್ ಅವರು 'ಲೌದಾತೊ ಸಿ' ಎಂಬ ವಿಶ್ವಪತ್ರಕ್ಕೆ ಸಹಿ ಹಾಕಿ, ಭೂಮಿ ನಮ್ಮೆಲ್ಲರ ಮನೆಯೆಂದು ನೆನಪಿಸಿದರು. ಅದೇ ವರ್ಷ ಸೆಪ್ಟೆಂಬರ್ 24ರಂದು ಸಂತ ಪ್ಯಾಟ್ರಿಕರ ಪ್ರಧಾನಾಲಯದಲ್ಲಿ ಸಂಜೆಯ ಪ್ರಾರ್ಥನೆ ನಡೆಸಿದರು. ಇದಕ್ಕೂ ಮೊದಲು, 2008ರಲ್ಲಿ, ಪೋಪ್ ಹದಿನಾರನೆಯ ಬೆನೆಡಿಕ್ಟರ ಕಾಲದಲ್ಲಿ ವ್ಯಾಟಿಕನ್ನಿನ ಆರನೆಯ ಪೌಲರ ಸಭಾಂಗಣದ ಛಾವಣಿಯ ಮೇಲೆ ಸೌರಫಲಕಗಳನ್ನು ಹಾಕಲಾಗಿತ್ತು. ಸೃಷ್ಟಿಯ ರಕ್ಷಣೆ ಪ್ರಬೋಧನೆಯ ವಿಷಯವಷ್ಟೇ ಅಲ್ಲ, ದೇವಾಲಯದ ಲೆಕ್ಕಪುಸ್ತಕದ ವಿಷಯವೂ ಹೌದೆಂದು ಇವು ಸಾರುತ್ತವೆ.

ಹಾಗೆಂದು ನಮ್ಮ ಧರ್ಮಕೇಂದ್ರಗಳು ನಾಳೆಯೇ ಇಂಥ ಬಾವಿ ಕೊರೆಸಬೇಕೆಂದಲ್ಲ. ನಮ್ಮ ನೆಲದಾಳ ನ್ಯೂಯಾರ್ಕಿನಷ್ಟು ತಂಪಾಗಿಲ್ಲ, ನಮಗೆ ಆ ಚಳಿಯೂ ಇಲ್ಲ. ಎತ್ತರದ ಹೆಂಚಿನ ಮಾಡು, ದಪ್ಪ ಗೋಡೆ, ಗಾಳಿಯಾಡುವ ದೊಡ್ಡ ಕಿಟಕಿಗಳು, ಅಂಗಳದ ಮರ: ಹಿರಿಯರು ಬಿಟ್ಟುಹೋದ ಈ ಜಾಣತನ ನಮ್ಮಲ್ಲೇ ಇದೆ. ಅದನ್ನು ಕೆಡವಿ ಕಾಂಕ್ರೀಟು ಹಾಕಿ, ಬಳಿಕ ಸೆಖೆಯೆಂದು ಎ.ಸಿ. ಕೂರಿಸುವ ಮುನ್ನ ಒಮ್ಮೆ ಯೋಚಿಸಬೇಡವೇ? ಛಾವಣಿಗೆ ಬಿದ್ದ ಮಳೆನೀರು ಮರಳಿ ಭೂಮಿಗೆ ಸೇರುತ್ತಿದೆಯೇ?

ಮೂಲ ಪ್ರಶ್ನೆ ಇನ್ನೂ ಆಳದ್ದು. ಗೋಪುರಕ್ಕೆ, ಗಂಟೆಗೆ, ಸ್ವರೂಪಕ್ಕೆ ದಾನಿಗಳು ಸುಲಭವಾಗಿ ಸಿಗುತ್ತಾರೆ. ಅಲ್ಲಿ ಹೆಸರಿನ ಕಲ್ಲು ಹಾಕಿಸಬಹುದು. ಇಂಗುಗುಂಡಿಗೆ ಹಣ ಕೊಡುವವರು ಯಾರು? ಎರಡು ಸಾವಿರ ಅಡಿ ಆಳದಲ್ಲಿ ಯಾರ ಹೆಸರನ್ನೂ ಕೆತ್ತಲಾಗದು. ಹ್ಯೂಸ್ ಅವರ ಕಾಲದ ಮನೆಗೆಲಸದ ಹೆಣ್ಣುಮಗಳ ಕಾಸಿಗೂ ಹೆಸರಿರಲಿಲ್ಲ. ವಿಧವೆಯ ಎರಡು ನಾಣ್ಯಗಳನ್ನು ಕಂಡವರು ಯೇಸುಸ್ವಾಮಿ ಒಬ್ಬರೇ. ತಾವು ಕಾಣದ ನಾಳೆಗಾಗಿ ಕೊಟ್ಟವರು ದೇವಾಲಯ ಕಟ್ಟಿದರು. ಅದೇ ಬಗೆಯ ವಿಶ್ವಾಸದಿಂದ ಅವರ ಮರಿಮಕ್ಕಳ ಕಾಲದವರು ಬಾವಿ ತೋಡಿದರು.

ಉರಿಯುವ ಕುಲುಮೆಯೊಳಗೆ ನಿಂತು ಶೀತವನ್ನೂ ಉಷ್ಣವನ್ನೂ ದೇವರ ಸ್ತುತಿಗೆ ಕರೆದ ಮೂವರು ತರುಣರನ್ನು ಪ್ರವಾದಿ ದಾನಿಯೇಲನ ಗ್ರಂಥದಲ್ಲಿ ಕಾಣುತ್ತೇವೆ. ನಮ್ಮ ದೇವಾಲಯಗಳ ಬಿಸಿಯೂ ತಂಪೂ ಆ ಸ್ತುತಿಯಲ್ಲಿ ಸೇರಲಿ. ನಮ್ಮ ಹೊಸ್ತಿಲ ಕೆಳಗಿನಿಂದಲೂ ಲೋಕಕ್ಕೆ ಜೀವಜಲ ಹರಿಯುವಂತೆ ಪ್ರಭು ನಮ್ಮನ್ನು ಹರಸಲಿ. ಆಮೆನ್.