ಜಮಖಂಡಿಯ ಮೇಲೆ ಹಾದ ನೆರಳು

ನಮ್ಮ ಶಾಲೆಯ ಐವತ್ತು ವರ್ಷಗಳ ಇತಿಹಾಸವನ್ನು ಈ ಸಂಚಿಕೆಯಲ್ಲಿ ಹಲವರು ಬರೆದಿದ್ದಾರೆ. ಕಟ್ಟಡ ಕಟ್ಟಿದವರು, ಜಾಗ ಕೊಟ್ಟವರು, ಪಾಠ ಹೇಳಿದವರು ಎಲ್ಲರನ್ನೂ ನೆನೆದಿದ್ದಾರೆ. ನಾನು ಬೇರೊಂದು ಇತಿಹಾಸದ ಪುಟವನ್ನು ಓದುಗರ ಮುಂದಿಡುತ್ತೇನೆ. ಅದು ನಮ್ಮ ನೆಲದ್ದೂ ಹೌದು, ನಮ್ಮ ತಲೆಯ ಮೇಲಿನ ಆಕಾಶದ್ದೂ ಹೌದು.

1868ರ ಆಗಸ್ಟ್ 18. ಅಮಾವಾಸ್ಯೆಯ ದಿನ. ಅಂದು ಬೆಳಿಗ್ಗೆ ಚಂದ್ರನ ನೆರಳು ಏಡನ್ ಕಡೆಯಿಂದ ಅರಬ್ಬಿ ಸಮುದ್ರ ದಾಟಿ, ಪಶ್ಚಿಮ ಘಟ್ಟ ಹತ್ತಿ, ಜಮಖಂಡಿ ಮತ್ತು ವಿಜಯಪುರಗಳ ಮೇಲೆ ಹಾದು, ಗುಂಟೂರು, ಮಚಲೀಪಟ್ಟಣಗಳನ್ನು ಮುಚ್ಚಿ ಬಂಗಾಳ ಕೊಲ್ಲಿಗೆ ಇಳಿಯಿತು. ನೆರಳಿನ ನಡುಪಟ್ಟಿಯಲ್ಲಿದ್ದ ಊರುಗಳಲ್ಲಿ ಐದು ನಿಮಿಷಕ್ಕೂ ಹೆಚ್ಚು ಕಾಲ ಹಗಲೇ ಕತ್ತಲಾಯಿತು. ಖಗ್ರಾಸ ಸೂರ್ಯಗ್ರಹಣದಲ್ಲಿ ಇಷ್ಟು ದೀರ್ಘ ಕತ್ತಲೆ ಅಪರೂಪ. ಆದ್ದರಿಂದಲೇ ಯುರೋಪಿನ ವಿಜ್ಞಾನಿಗಳು ಈ ದಿನಕ್ಕಾಗಿ ಮೊದಲೇ ಸಿದ್ಧತೆ ನಡೆಸಿದ್ದರು.

ಅಂದು ಜಮಖಂಡಿ ಪಟವರ್ಧನ ಮನೆತನದ ಸಂಸ್ಥಾನ. ಅಲ್ಲಿಗೆ ಉಪಕರಣಗಳೊಡನೆ ಬಂದವರು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯಲ್ಲಿ ದುಡಿಯುತ್ತಿದ್ದ ಸೇನಾ ಇಂಜಿನಿಯರ್. ಇವರ ಅಜ್ಜ ವಿಲಿಯಂ ಹರ್ಷೆಲ್ 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದವರು. ತಂದೆಯೂ ಹೆಸರಾಂತ ಖಗೋಳ ವಿಜ್ಞಾನಿ. ಅದೇ ಹೊತ್ತಿಗೆ ವಿಜಯಪುರದಲ್ಲಿ ಕ್ಯಾಪ್ಟನ್ ಹೇಗ್, ಗುಂಟೂರಿನಲ್ಲಿ ಮೇಜರ್ ಟೆನೆಂಟ್ ಮತ್ತು ಫ್ರಾನ್ಸಿನ ಜಾನ್ಸೆನ್, ಮಚಲೀಪಟ್ಟಣದಲ್ಲಿ ಮದರಾಸು ವೀಕ್ಷಣಾಲಯದ ಪಾಗ್ಸನ್ ದೂರದರ್ಶಕ ಹೂಡಿ ಕಾದಿದ್ದರು.

ಇವರೆಲ್ಲ ನೋಡಬಯಸಿದ್ದು ಏನನ್ನು? ಗ್ರಹಣ ಪೂರ್ಣವಾದಾಗ ಕಪ್ಪು ಚಂದ್ರಬಿಂಬದ ಅಂಚಿನಲ್ಲಿ ಕೆಂಪು ಜ್ವಾಲೆಗಳಂಥ ಚಾಚುಗಳು ಕಾಣುತ್ತವೆ. ಅವು ಸೂರ್ಯನವೆಂದು ಅಷ್ಟರಲ್ಲಿ ಗೊತ್ತಾಗಿತ್ತು. ಆದರೆ ಅವು ಯಾವ ವಸ್ತುವಿನಿಂದ ಆಗಿವೆ ಎಂಬುದು ತಿಳಿದಿರಲಿಲ್ಲ. ಅದನ್ನು ತಿಳಿಯಲು ಹೊಸದೊಂದು ಸಾಧನ ಬಂದಿತ್ತು: ರೋಹಿತದರ್ಶಕ. ಮಳೆಹನಿ ಬಿಸಿಲನ್ನು ಒಡೆದು ಕಾಮನಬಿಲ್ಲು ಮಾಡುವಂತೆ, ಗಾಜಿನ ಪಟ್ಟಕದಿಂದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ಸಾಧನವದು. ಉರಿಯುವ ಒಲೆಗೆ ಚಿಟಿಕೆ ಉಪ್ಪು ಬಿದ್ದರೆ ಜ್ವಾಲೆ ಹಳದಿಯಾಗುವುದನ್ನು ನಮ್ಮ ತಾಯಂದಿರು ನೋಡಿಯೇ ಇದ್ದಾರೆ. ಅದು ಸೋಡಿಯಂನ ಗುರುತು. ಕಾದ ಅನಿಲವಾದರೆ ಹೀಗೆ ಪ್ರತಿ ಮೂಲವಸ್ತುವೂ ತನ್ನದೇ ಬಣ್ಣದ ಗೆರೆಗಳನ್ನು ತೋರಿಸುತ್ತದೆ. ಜರ್ಮನಿಯ ಕಿರ್ಖಾಫ್ ಮತ್ತು ಬುನ್ಸೆನ್ 1860ರ ಸುಮಾರಿಗೆ ಇದನ್ನು ಸ್ಪಷ್ಟಪಡಿಸಿದ್ದರು. ಸೂರ್ಯನ ಬಳಿಗೆ ಹೋಗಲಾಗದು. ಅವನ ಬೆಳಕು ನಮ್ಮ ಬಳಿಗೆ ಬರುತ್ತದೆ, ಅದನ್ನೇ ಕೇಳಿದರಾಯಿತು!

ಆದರೆ ಆಗಸ್ಟ್ ತಿಂಗಳು ಮಳೆಗಾಲ. ಜಮಖಂಡಿಯ ಆಕಾಶದಲ್ಲಿ ಮೋಡ ಓಡಾಡುತ್ತಿತ್ತು. ಸಾವಿರಾರು ಮೈಲಿಯಿಂದ ತರಿಸಿದ ಉಪಕರಣ, ತಿಂಗಳುಗಳ ಸಿದ್ಧತೆ, ಸಿಗುವುದು ಐದು ನಿಮಿಷ, ಅದರಲ್ಲೂ ಮೋಡ. ರೈತನಿಗೆ ಮೋಡ ಬಾರದಿದ್ದರೆ ಚಿಂತೆ, ಹರ್ಷೆಲ್ ಅವರಿಗೆ ಬಂದದ್ದೇ ಚಿಂತೆ. ಕೊನೆಗೆ ಮೋಡ ಸರಿದ ಸಣ್ಣ ಸಂದಿನಲ್ಲಿ ಕೆಂಪು ಜ್ವಾಲೆಯೊಂದು ಅವರ ಸಾಧನಕ್ಕೆ ಸಿಕ್ಕಿತು. ಕಂಡದ್ದು ಮೂರು ಹೊಳೆಯುವ ಗೆರೆಗಳು: ಕೆಂಪು, ಕಿತ್ತಳೆ, ನೀಲಿ. ಕಾಮನಬಿಲ್ಲಿನಂತೆ ಒಂದಕ್ಕೊಂದು ಕೂಡಿಕೊಂಡ ಬಣ್ಣಗಳಲ್ಲ, ಬಿಡಿ ಬಿಡಿ ಗೆರೆಗಳು. ಅಂದರೆ ಆ ಜ್ವಾಲೆಗಳು ಕಾದ ಅನಿಲ ಎಂಬುದು ಖಚಿತವಾಯಿತು. ಕೆಂಪು, ನೀಲಿ ಗೆರೆಗಳು ಹೈಡ್ರೋಜನ್ನಿನವು. ಕಿತ್ತಳೆ ಹಳದಿಯ ಆ ಗೆರೆಯನ್ನು ಉಪ್ಪಿನ ಸೋಡಿಯಂನದೇ ಇರಬೇಕೆಂದು ಮೊದಲು ಎಣಿಸಲಾಯಿತು.

ಗುಂಟೂರಿನಲ್ಲಿ ಆಕಾಶ ತಿಳಿಯಾಗಿತ್ತು. ಅಲ್ಲಿದ್ದ ಜಾನ್ಸೆನ್‌ಗೆ ಗೆರೆಗಳು ಎಷ್ಟು ಪ್ರಖರವಾಗಿ ಕಂಡವೆಂದರೆ, ಇವನ್ನು ಗ್ರಹಣವಿಲ್ಲದೆಯೂ ನೋಡಬಹುದಲ್ಲ ಎಂದು ಹೊಳೆಯಿತು. ಮರುದಿನವೇ ತುಂಬು ಬಿಸಿಲಿನಲ್ಲಿ ನೋಡಿಯೂಬಿಟ್ಟರು. ಎರಡು ತಿಂಗಳ ಬಳಿಕ ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ತಾವೂ ಸ್ವತಂತ್ರವಾಗಿ ಇದನ್ನೇ ಸಾಧಿಸಿದರು. ಆ ಹಳದಿ ಗೆರೆ ಸೋಡಿಯಂನ ಜಾಗದಲ್ಲಿಲ್ಲ, ತುಸು ಪಕ್ಕಕ್ಕಿದೆ ಎಂಬುದು ಅಳತೆಯಿಂದ ತಿಳಿಯಿತು. ಭೂಮಿಯ ಮೇಲೆ ಯಾರೂ ಕಾಣದ ವಸ್ತುವೊಂದು ಸೂರ್ಯನಲ್ಲಿದೆ! ಗ್ರೀಕರ ಸೂರ್ಯ ಹೀಲಿಯೋಸ್‌ನ ಹೆಸರಿನಿಂದ ಅದಕ್ಕೆ ಹೀಲಿಯಂ ಎಂಬ ಹೆಸರು ಬಂತು. ಹಲವರು ನಂಬಲಿಲ್ಲ. 1895ರಲ್ಲಿ ವಿಲಿಯಂ ರಾಮ್ಸೆ ಒಂದು ಖನಿಜದಿಂದ ಬಂದ ಅನಿಲದಲ್ಲಿ ಅದೇ ಗೆರೆಯನ್ನು ಕಂಡಾಗ ಸಂಶಯ ತೀರಿತು. ನಮ್ಮ ಪ್ರಯೋಗಾಲಯದ ಗೋಡೆಯ ಮೇಲಿನ ಮೂಲವಸ್ತುಗಳ ಪಟ್ಟಿಯಲ್ಲಿ ಎರಡನೆಯ ಮನೆಯಲ್ಲಿ ಕುಳಿತಿರುವುದು ಅದೇ ಹೀಲಿಯಂ. ಆ ಮನೆಯ ಕಥೆಯ ಮೊದಲ ಅಧ್ಯಾಯ ನಡೆದ ಊರುಗಳಲ್ಲಿ ಜಮಖಂಡಿಯೂ ಒಂದು ಎಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು.

ಇನ್ನು ಈ ಗ್ರಹಣವೆಂಬ ವಿಚಿತ್ರದ ಬಗ್ಗೆ ಒಂದು ಮಾತು. ಸೂರ್ಯನ ವ್ಯಾಸ ಸುಮಾರು 13.9 ಲಕ್ಷ ಕಿಲೋಮೀಟರ್, ಚಂದ್ರನದು 3,474 ಕಿಲೋಮೀಟರ್. ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ದೊಡ್ಡವನು, ಸುಮಾರು 400 ಪಟ್ಟು ದೂರದಲ್ಲೂ ಇದ್ದಾನೆ. ಅದಕ್ಕಾಗಿಯೇ ನಮ್ಮ ಕಣ್ಣಿಗೆ ಇಬ್ಬರೂ ಒಂದೇ ಅಳತೆ. ಚಿಕ್ಕವನು ದೊಡ್ಡವನನ್ನು ಸರಿಯಾಗಿ ಮುಚ್ಚಬಲ್ಲ. ಚಂದ್ರ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ. ಕೋಟ್ಯಂತರ ವರ್ಷಗಳ ನಂತರ ಪೂರ್ಣ ಗ್ರಹಣ ಎಂಬುದೇ ಇರದು. ನಾವು ಒಳ್ಳೆಯ ಕಾಲದಲ್ಲಿ ಹುಟ್ಟಿದ್ದೇವೆ.

ಇದೆಲ್ಲ ಪರದೇಶದವರು ಬಂದು ಹೇಳಿದ ಮೇಲೆಯೇ ನಮಗೆ ತಿಳಿಯಿತೆಂದು ಯಾರೂ ಭಾವಿಸಬಾರದು. ಚಂದ್ರ ಸೂರ್ಯನನ್ನು ಮರೆಮಾಡುತ್ತಾನೆ, ಭೂಮಿಯ ನೆರಳು ಚಂದ್ರನನ್ನು ಮರೆಮಾಡುತ್ತದೆ ಎಂದು ಆರ್ಯಭಟ ಒಂದೂವರೆ ಸಾವಿರ ವರ್ಷಗಳ ಹಿಂದೆಯೇ ಬರೆದಿದ್ದ. ನಮ್ಮ ಪಂಚಾಂಗಗಳು ಗ್ರಹಣವನ್ನು ಲೆಕ್ಕ ಹಾಕಿಯೇ ಹೇಳುತ್ತ ಬಂದಿವೆ. ಕನ್ನಡ ನಾಡಿನ ಹಳೆಯ ಶಾಸನಗಳನ್ನು ನೋಡಿ. ಸೂರ್ಯಗ್ರಹಣದ ನಿಮಿತ್ತ ಇಂಥ ದೇವಾಲಯಕ್ಕೆ, ಇಂಥ ಕೆರೆಗೆ ಭೂಮಿ ದಾನ ಕೊಟ್ಟೆವೆಂದು ಶಕವರ್ಷ, ಮಾಸ, ತಿಥಿ, ವಾರ ಸಮೇತ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಇಂದು ಇತಿಹಾಸಕಾರರು ಗ್ರಹಣದ ಲೆಕ್ಕವನ್ನು ಹಿಂದಕ್ಕೆ ನಡೆಸಿ, ಅಂಥ ಶಾಸನಗಳ ಕಾಲವನ್ನು ಪರೀಕ್ಷಿಸುತ್ತಾರೆ. ಆಕಾಶದಲ್ಲಿ ನಡೆದದ್ದನ್ನು ಬರೆದಿಡುವುದು ನಮ್ಮ ಹಿರಿಯರಿಗೆ ಗೊತ್ತಿತ್ತು.

ಆದರೆ 1868ರ ಆ ಬೆಳಗಿನ ವಿಷಯದಲ್ಲಿ ಹಾಗಾಗಲಿಲ್ಲ. ಹರ್ಷೆಲ್ ಅವರ ವರದಿ ಇಂಗ್ಲಿಷಿನಲ್ಲಿ, ಲಂಡನ್ನಿಗೆ ಹೋಯಿತು. ಅಂದು ಹೊಲದಲ್ಲಿದ್ದವರು, ದನ ಕಾಯುತ್ತಿದ್ದವರು, ನೀರಿಗೆ ಹೊರಟ ಹೆಣ್ಣುಮಕ್ಕಳು ಆ ಐದು ನಿಮಿಷ ಏನು ಕಂಡರು, ಏನು ಅಂದರು? ನಮ್ಮ ಮನೆಗಳಲ್ಲಿ ಆ ಕಥೆ ಹೇಳುವವರು ಇಂದು ಯಾರೂ ಇಲ್ಲ. ನೆರಳು ನಮ್ಮ ಮೇಲೆ ಬಿತ್ತು, ನೆನಪು ಬೇರೆ ಕಡೆ ಉಳಿಯಿತು.

1980ರ ಫೆಬ್ರವರಿ 16ರಂದೂ ಕರ್ನಾಟಕಕ್ಕೆ ಅಂಥದೊಂದು ಅವಕಾಶ ಬಂತು. ಶನಿವಾರ ಮಧ್ಯಾಹ್ನ, ನಮ್ಮ ಶಾಲೆ ಆಗಿನ್ನೂ ಎಳೆಯದು. ಪೂರ್ಣ ನೆರಳಿನ ಪಟ್ಟಿ ಅಂಕೋಲಾ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದುಹೋಯಿತು. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು ಸಿಂಧನೂರು ತಾಲೂಕಿನ ಜವಳಗೇರಾದಲ್ಲಿ ಬಿಡಾರ ಹೂಡಿದರು. ಈ ಸಲ ನೋಡಿದವರು, ಅಳೆದವರು, ಬರೆದವರು ನಮ್ಮವರೇ. ನಮ್ಮ ಭಾಗ ಆ ಪಟ್ಟಿಯಿಂದ ತುಸು ಉತ್ತರಕ್ಕಿದ್ದುದರಿಂದ ಇಲ್ಲಿ ಬಿಸಿಲು ಮಂಕಾಯಿತು, ಪೂರ್ತಿ ಕತ್ತಲಾಗಲಿಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ಹಲವರಿಗೆ ಆ ದಿನ ನೆನಪಿರಬಹುದು: ಮುಚ್ಚಿದ ಬಾಗಿಲು, ನಿರ್ಜನ ಓಣಿ, ನೀರಿನ ಕೊಡದಲ್ಲಿ ದರ್ಭೆ, ಬಸುರಿಯರಿಗೆ ವಿಶೇಷ ಕಟ್ಟುಪಾಡು. ಸ್ನಾನ, ಉಪವಾಸ ಅವರವರ ನಂಬಿಕೆ, ಅದನ್ನು ಹಗುರಾಗಿ ಆಡುವುದು ನನ್ನ ಉದ್ದೇಶವಲ್ಲ. ಆದರೆ ಒಂದೇ ಊರಿಗೆ ಪೂರ್ಣ ಸೂರ್ಯಗ್ರಹಣ ಬರುವುದು ಸರಾಸರಿ 375 ವರ್ಷಗಳಿಗೊಮ್ಮೆ. ಅಂಥದ್ದು ತೀರ ಹತ್ತಿರ ಬಂದ ದಿನ ಮಕ್ಕಳನ್ನು ಕೋಣೆಯಲ್ಲಿ ಕೂಡಿಸಿದ್ದು ನಮಗಾದ ನಷ್ಟವೇ ಸರಿ.

ಕಣ್ಣಿಗೆ ಅಪಾಯವಿದೆ ಎಂಬುದು ಸುಳ್ಳಲ್ಲ. ಬರಿಗಣ್ಣಿನಿಂದ ಸೂರ್ಯನನ್ನು ನೋಡಬಾರದು. ಮಸಿ ಹಚ್ಚಿದ ಗಾಜು, ಎಕ್ಸ್‌ರೇ ಹಾಳೆ ಕೂಡ ಸಲ್ಲದು. ಗ್ರಹಣಕ್ಕೆಂದೇ ತಯಾರಿಸಿದ ಪ್ರಮಾಣಿತ ಕನ್ನಡಕ ಬೇಕು. ಅದೂ ಇಲ್ಲವಾದರೆ ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಸೂರ್ಯನಿಗೆ ಬೆನ್ನು ಹಾಕಿ, ಬಿಂಬವನ್ನು ಗೋಡೆಯ ಮೇಲೆ ಬೀಳಿಸಿ ನೋಡಬಹುದು. ನಮ್ಮ ಶಾಲೆಯ ಅಂಗಳದ ಬೇವಿನ ಮರವೇ ಸಾಕು: ಎಲೆಗಳ ಸಂದಿಯಿಂದ ಬೀಳುವ ಒಂದೊಂದು ಬಿಸಿಲ ಚುಕ್ಕೆಯೂ ಅಂದು ಕುಡುಗೋಲಿನ ಆಕಾರ ತಾಳುತ್ತದೆ. ನೆಲದ ತುಂಬ ನೂರಾರು ಪುಟ್ಟ ಸೂರ್ಯರು!

2027ರ ಆಗಸ್ಟ್ 2ರ ಇಳಿಹೊತ್ತಿನಲ್ಲಿ ನಮ್ಮಲ್ಲಿ ಪಾರ್ಶ್ವ ಸೂರ್ಯಗ್ರಹಣವಿದೆ. 2031ರ ಮೇ 21ರಂದು ಕೇರಳ, ತಮಿಳುನಾಡುಗಳಲ್ಲಿ ಕಂಕಣ ಗ್ರಹಣ, ಇಲ್ಲಿ ಪಾರ್ಶ್ವ ಗ್ರಹಣ. 2027ರದು ಆಗಸ್ಟ್ ತಿಂಗಳದ್ದೇ ಆದ್ದರಿಂದ ಹರ್ಷೆಲ್ ಅವರನ್ನು ಕಾಡಿದ ಮೋಡ ನಮ್ಮನ್ನೂ ಕಾಡಬಹುದು. ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಅಂದು ಮಕ್ಕಳನ್ನು ಮರದಡಿಗೆ ಕರೆತನ್ನಿ. ಗ್ರಹಣ ಹಿಡಿದದ್ದು ಎಷ್ಟು ಗಂಟೆಗೆ, ಬಿಟ್ಟದ್ದು ಎಷ್ಟು ಗಂಟೆಗೆ, ಹಕ್ಕಿಗಳು ಏನು ಮಾಡಿದವು, ಗಾಳಿ ಹೇಗಿತ್ತು, ಊರಿನ ಹಿರಿಯರು ಏನೆಂದರು ಎಂಬುದನ್ನು ಅವರಿಂದಲೇ ಕನ್ನಡದಲ್ಲಿ ಬರೆಯಿಸಿ, ದಿನಾಂಕ ಹಾಕಿ, ಶಾಲೆಯ ಗ್ರಂಥಾಲಯದಲ್ಲಿಡಿ. ಮೋಡ ಕವಿದರೆ ಮೋಡ ಕವಿದಿತ್ತೆಂದೇ ಬರೆಯಲಿ. ಶತಮಾನೋತ್ಸವದ ಸಂಚಿಕೆ ಸಿದ್ಧಪಡಿಸುವವರಿಗೆ ಆ ಪುಟಗಳು ಉಪಯೋಗಕ್ಕೆ ಬಂದೇ ಬರುತ್ತವೆ.