ನವಜಾತ ಶಿಶುವಿನ ನೋವು: ಒಂದು ಅಂಗೀಕಾರದ ಇತಿಹಾಸ

ಅತ್ತರಲ್ಲದೆ ತಾಯಿಯೂ ಹಾಲು ಕೊಡಳೆಂಬ ಮಾತು ನಮ್ಮ ಜನರಲ್ಲಿ ರೂಢವಾಗಿದೆ. ಅಳುವೇ ಕೂಸಿನ ಭಾಷೆಯೆಂಬ ತಿಳಿವಳಿಕೆ ಈ ಮಾತಿನ ಹಿಂದಿದೆ. ಆದರೆ ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಆಧುನಿಕ ವೈದ್ಯಶಾಸ್ತ್ರವು ಈ ಭಾಷೆಯನ್ನು ಸಾಕ್ಷ್ಯವೆಂದು ಪರಿಗಣಿಸಲಿಲ್ಲ. ಸೂಜಿ ಚುಚ್ಚಿದಾಗ ಹಸುಗೂಸು ಅಳುವುದು ನರಗಳ ಯಾಂತ್ರಿಕ ಪ್ರತಿಕ್ರಿಯೆ ಮಾತ್ರ, ಅದರ ಹಿಂದೆ ನೋವಿನ ಅನುಭವವಿಲ್ಲ ಎಂದು ಅನೇಕ ತಜ್ಞರು ನಂಬಿದ್ದರು. ಈ ನಂಬಿಕೆ ನೆಲೆಗೊಂಡ ಬಗೆಯೂ ಅಳಿದ ಬಗೆಯೂ ವಿಚಾರಾರ್ಹವಾಗಿವೆ. ಮಾತಿಲ್ಲದವರ ಸಂಕಟಕ್ಕೆ ಪ್ರಮಾಣವಾವುದು ಎಂಬ ಪ್ರಶ್ನೆ ಇದರಲ್ಲಿ ಅಡಗಿದೆ.

ಈ ನಂಬಿಕೆಗೆ ಎರಡು ಆಧಾರಗಳಿದ್ದುವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಲೈಪ್‌ಜಿಗ್ ನಗರದ ಪಾಲ್ ಫ್ಲೆಕ್ಸಿಗ್ ಎಂಬ ವಿದ್ವಾಂಸನು, ನರತಂತುಗಳನ್ನು ಸುತ್ತುವರಿಯುವ ಮಯಲಿನ್ ಎಂಬ ಹೊದಿಕೆ ಹುಟ್ಟಿನ ವೇಳೆಗೆ ಪೂರ್ಣವಾಗಿ ಬೆಳೆದಿರುವುದಿಲ್ಲವೆಂದು ತೋರಿಸಿದ್ದನು. ಹೊದಿಕೆಯಿಲ್ಲದ ನರ ನೋವನ್ನು ಮಿದುಳಿಗೆ ಒಯ್ಯಲಾರದೆಂದು ಇದರಿಂದ ಊಹಿಸಲಾಯಿತು. ಅನಂತರ 1941ರಲ್ಲಿ ಅಮೆರಿಕದ ಮರ್ಟಲ್ ಮೆಕ್‌ಗ್ರಾ ಅವರು ಶಿಶುಗಳಿಗೆ ಗುಂಡುಸೂಜಿ ತಾಗಿಸಿ ನಡೆಸಿದ ಪರೀಕ್ಷೆಗಳನ್ನು ಪ್ರಕಟಿಸಿದರು. ಹುಟ್ಟಿದ ಕೆಲವೇ ಗಂಟೆಗಳಾಗಿದ್ದ ಕೆಲವು ಶಿಶುಗಳಲ್ಲಿ ಪ್ರತಿಕ್ರಿಯೆ ಕಾಣದಿದ್ದುದನ್ನೇ ಮುಂದಿನವರು ಹಿಡಿದುಕೊಂಡರು.

ಇದನ್ನು ಬರಿಯ ನಿಷ್ಕರುಣೆಯೆಂದು ಹೇಳುವುದು ನ್ಯಾಯವಲ್ಲ. ಅರಿವಳಿಕೆಯ ಔಷಧಗಳು ಎಳೆಯ ಶಿಶುವಿನ ಉಸಿರನ್ನೂ ರಕ್ತದ ಒತ್ತಡವನ್ನೂ ಕುಗ್ಗಿಸಿ ಪ್ರಾಣಾಪಾಯ ತಂದೊಡ್ಡಬಲ್ಲುವಾಗಿದ್ದುವು. ಆದುದರಿಂದ ನೈಟ್ರಸ್ ಆಕ್ಸೈಡ್ ಅನಿಲದೊಡನೆ, ಸ್ನಾಯುಗಳನ್ನು ನಿಶ್ಚಲಗೊಳಿಸುವ ಕ್ಯುರಾರೆಯಂಥ ಔಷಧವನ್ನು ಕೊಟ್ಟು ಶಸ್ತ್ರಚಿಕಿತ್ಸೆ ನಡೆಸುವ ಕ್ರಮ ಹಬ್ಬಿತು. ಎಷ್ಟೋ ವೇಳೆ ನಿಶ್ಚಲಗೊಳಿಸುವ ಔಷಧವೊಂದೇ ಸಾಕೆನಿಸಿತು. ಕ್ಯುರಾರೆ ಕೈಕಾಲುಗಳನ್ನು ಕಟ್ಟಿಹಾಕುತ್ತದೆಯೇ ಹೊರತು ನೋವನ್ನು ತಗ್ಗಿಸುವುದಿಲ್ಲ. ಅಳುವ ಶಕ್ತಿಯನ್ನೇ ಕಸಿದುಕೊಂಡ ಮೇಲೆ ಶಿಶು ಶಾಂತವಾಗಿರುವಂತೆ ಕಂಡುದರಲ್ಲಿ ಆಶ್ಚರ್ಯವಿಲ್ಲ.

ಈ ಸ್ಥಿತಿಯನ್ನು ಬದಲಿಸಿದವರಲ್ಲಿ ಭಾರತೀಯರೊಬ್ಬರು ಅಗ್ರಗಣ್ಯರು. ಇಂದೋರಿನಲ್ಲಿ ವೈದ್ಯಶಿಕ್ಷಣ ಪಡೆದು ರೋಡ್ಸ್ ವಿದ್ಯಾರ್ಥಿವೇತನದಿಂದ ಆಕ್ಸ್‌ಫರ್ಡಿಗೆ ತೆರಳಿದ ಕನ್ವಲ್‌ಜೀತ್ ಸಿಂಗ್ ಆನಂದ್ ಅವರು, ಶಸ್ತ್ರಚಿಕಿತ್ಸೆಯಿಂದ ಮರಳಿದ ಶಿಶುಗಳ ಸ್ಥಿತಿ ಬಹಳ ಹದಗೆಟ್ಟಿರುತ್ತಿದ್ದುದನ್ನು ಗಮನಿಸಿದರು. ಹೃದಯದ ಬಳಿಯ ರಕ್ತನಾಳವೊಂದನ್ನು ಕಟ್ಟುವ ಶಸ್ತ್ರಚಿಕಿತ್ಸೆಗೆ ಒಳಗಾದ 16 ಅಕಾಲಜನಿತ ಶಿಶುಗಳನ್ನು ಅವರೂ ಅವರ ಸಹೋದ್ಯೋಗಿಗಳೂ ಪರೀಕ್ಷಿಸಿದರು. ಎಂಟು ಶಿಶುಗಳಿಗೆ ರೂಢಿಯ ಕ್ರಮ. ಉಳಿದ ಎಂಟಕ್ಕೆ ಅದರೊಡನೆ ಫೆಂಟನಿಲ್ ಎಂಬ ನೋವುನಿವಾರಕ. 1987ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಫೆಂಟನಿಲ್ ದೊರೆಯದ ಶಿಶುಗಳ ರಕ್ತದಲ್ಲಿ ಸಂಕಟಕಾಲದ ಹಾರ್ಮೋನುಗಳು ಹೆಚ್ಚಾಗಿ ಏರಿದ್ದುವು. ತರುವಾಯದ ತೊಡಕುಗಳೂ ಅವುಗಳಲ್ಲೇ ಹೆಚ್ಚು. ಅಳಲಾರದ ಶಿಶುವಿನ ಪರವಾಗಿ ಅದರ ರಕ್ತವೇ ಸಾಕ್ಷಿ ನುಡಿಯಿತು. ಅದೇ ವರ್ಷ ಆನಂದ್ ಮತ್ತು ಹಿಕಿ ಬರೆದ ವಿಮರ್ಶಾಲೇಖನವು ಮಯಲಿನ್ ವಾದವನ್ನೂ ಖಂಡಿಸಿತು: ಬೆಳೆದವರಲ್ಲಿಯೂ ನೋವಿನ ಬಹುಭಾಗವನ್ನು ಒಯ್ಯುವುದು ಹೊದಿಕೆಯಿಲ್ಲದ ಇಲ್ಲವೆ ತೆಳುಹೊದಿಕೆಯ ತಂತುಗಳೇ.

ಪ್ರಯೋಗಶಾಲೆಯ ಹೊರಗೂ ಈ ವಿಷಯ ಚರ್ಚೆಗೆ ಬಂದಿತ್ತು. ಅಮೆರಿಕದಲ್ಲಿ 1985ರಲ್ಲಿ ತನ್ನ ಅಕಾಲಜನಿತ ಮಗುವಿಗೆ ನಿಶ್ಚಲಗೊಳಿಸುವ ಔಷಧದಿಂದಷ್ಟೇ ಶಸ್ತ್ರಚಿಕಿತ್ಸೆ ನಡೆಯಿತೆಂದು ತಡವಾಗಿ ತಿಳಿದ ತಾಯಿಯೊಬ್ಬಳು ಪತ್ರಿಕೆಗಳ ಮೂಲಕ ಅದನ್ನು ಲೋಕಕ್ಕೆ ತಿಳಿಸಿದಳು. 1987ರಲ್ಲಿ ಅಮೆರಿಕದ ಶಿಶುವೈದ್ಯರ ಅಕಾಡೆಮಿಯು, ನವಜಾತರಿಗೂ ಅರಿವಳಿಕೆಯನ್ನು ಸಾಕಷ್ಟು ಸುರಕ್ಷಿತವಾಗಿ ಕೊಡಬಹುದೆಂದು ಸಾರಿತು.

ನೋವಿದೆಯೆಂದು ಒಪ್ಪಿದ ಬಳಿಕ ಅದನ್ನು ಅಳೆಯುವುದು ಹೇಗೆಂಬ ಸಮಸ್ಯೆ ಉಳಿಯಿತು. ಕೆನಡದ ಗ್ರೂನಾವ್ ಮತ್ತು ಕ್ರೇಗ್ 1987ರಲ್ಲಿ ಶಿಶುವಿನ ಮುಖಚರ್ಯೆಯನ್ನು ವರ್ಗೀಕರಿಸಿದರು. ಅದೇ ದೇಶದ ಬಾನಿ ಸ್ಟೀವನ್ಸ್ ಮತ್ತು ಸಂಗಡಿಗರು 1996ರಲ್ಲಿ ಅಕಾಲಜನಿತರಿಗಾಗಿ ಏಳು ಅಂಶಗಳ ಮಾನಕವೊಂದನ್ನು ರಚಿಸಿದರು: ಉಬ್ಬಿದ ಹುಬ್ಬು, ಬಿಗಿದ ಕಣ್ಣು, ಮೂಗಿನ ಬದಿಯ ಗೆರೆ, ಹೃದಯದ ಬಡಿತ, ರಕ್ತದ ಆಮ್ಲಜನಕ, ಎಚ್ಚರ ನಿದ್ರೆಗಳ ಸ್ಥಿತಿ, ಗರ್ಭದಲ್ಲಿ ಕಳೆದ ವಾರಗಳು. ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ. ಇದರ ಕೊನೆಯ ಅಂಶ ವಿಶೇಷವಾಗಿ ಗಮನಾರ್ಹ. 28 ವಾರ ತುಂಬುವ ಮೊದಲೇ ಹುಟ್ಟಿದ ಶಿಶುವಿಗೆ ಪೂರ್ಣ 3 ಅಂಕ ಸಲ್ಲುತ್ತದೆ. ಏಕೆಂದರೆ ಅದಕ್ಕೆ ನೋವನ್ನು ತೋರ್ಪಡಿಸುವ ಶಕ್ತಿಯೂ ಕಡಮೆ. ದುರ್ಬಲರ ಮೌನವನ್ನು ನೋವಿಲ್ಲದಿರುವಿಕೆಯೆಂದು ತಿಳಿದಿದ್ದ ಶಾಸ್ತ್ರ, ಆ ಮೌನವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವಂತಾಯಿತು.

ಶಮನದ ಉಪಾಯಗಳೂ ಕ್ರಮೇಣ ಬೆಳೆದುವು. ಹಿಮ್ಮಡಿಗೆ ಚುಚ್ಚಿ ರಕ್ತ ತೆಗೆಯುವ ಮುನ್ನ ನಾಲಗೆಗೆ ಸಕ್ಕರೆಯ ದ್ರಾವಣದ ಹನಿಗಳನ್ನಿಡುವುದು, ತಾಯಿಯ ಎದೆಹಾಲು, ಮೈಗೆ ಮೈ ತಾಗಿಸಿ ಅಪ್ಪಿಕೊಳ್ಳುವುದು ಸಣ್ಣ ನೋವುಗಳಿಗೆ. ನೋವುನಿವಾರಕ ಔಷಧಗಳು ದೊಡ್ಡವಕ್ಕೆ. ಇವುಗಳಲ್ಲಿ ಅಪ್ಪುಗೆಯ ಕ್ರಮ 1978ರ ಸುಮಾರಿಗೆ ಕೊಲಂಬಿಯದ ಬೊಗೊಟದಲ್ಲಿ ಶಿಶುಗಳನ್ನು ಬೆಚ್ಚಗಿಡುವ ಯಂತ್ರಗಳ ಕೊರತೆಯಿಂದ ಹುಟ್ಟಿದ್ದು. ಅದು ನೋವನ್ನೂ ತಗ್ಗಿಸುವುದೆಂಬುದು ಅನಂತರ ತಿಳಿದುಬಂದಿತು. ಆದರೂ ಸಂದೇಹಗಳು ಮುಗಿದಿಲ್ಲ. 2010ರಲ್ಲಿ ರೆಬೆಕಾ ಸ್ಲೇಟರ್ ಮತ್ತು ಸಂಗಡಿಗರು ನಡೆಸಿದ ಪರೀಕ್ಷೆಯಲ್ಲಿ, ಸಕ್ಕರೆಯ ಹನಿ ಶಿಶುವಿನ ಮುಖದ ಸಂಕಟವನ್ನು ತಗ್ಗಿಸಿದರೂ ಮಿದುಳಿನ ವಿದ್ಯುತ್‌ಸ್ಪಂದನವನ್ನು ಗಣನೀಯವಾಗಿ ತಗ್ಗಿಸಲಿಲ್ಲ. ಶಾಂತವಾದ ಮುಖವೊಂದೇ ಸಾಕ್ಷ್ಯವೇ ಎಂಬ ಹಳೆಯ ಪ್ರಶ್ನೆ ಹೀಗೆ ಹೊಸ ರೂಪದಲ್ಲಿ ಮರಳಿದೆ.

2020ರಲ್ಲಿ ನೋವಿನ ಅಧ್ಯಯನದ ಅಂತಾರಾಷ್ಟ್ರೀಯ ಸಂಘವು ತನ್ನ 1979ರ ವ್ಯಾಖ್ಯೆಯನ್ನು ಪರಿಷ್ಕರಿಸಿತು. ಮಾತಿನ ವರ್ಣನೆ ನೋವನ್ನು ವ್ಯಕ್ತಪಡಿಸುವ ಹಲವು ಬಗೆಗಳಲ್ಲಿ ಒಂದು ಮಾತ್ರ, ಹೇಳಲಾರದವನಿಗೆ ನೋವಿಲ್ಲವೆಂದು ತೀರ್ಮಾನಿಸಲಾಗದು ಎಂಬ ಅರ್ಥದ ವಿವರಣೆ ಅದರೊಡನೆ ಸೇರಿತು. ತೊಟ್ಟಿಲ ಬಳಿ ಕುಳಿತ ತಾಯಂದಿರಿಗೆ ಇದು ಹೊಸ ಸಂಗತಿಯಲ್ಲ. ಆದರೆ ತಾಯಿಯ ತಿಳಿವಳಿಕೆ ಶಸ್ತ್ರಚಿಕಿತ್ಸೆಯ ಕೊಠಡಿಯ ನಿಯಮವಾಗಬೇಕಾದರೆ ಅಂಕಿ ಅಂಶಗಳ ಪ್ರಮಾಣ ಬೇಕಾಯಿತು. ಅದು ದೊರೆಯುವವರೆಗೆ ಅದರ ಬೆಲೆಯನ್ನು ತೆತ್ತವರು ಶಿಶುಗಳು. ಪ್ರಮಾಣ ದೊರೆತಿಲ್ಲವೆಂಬ ಕಾರಣದಿಂದ ಸಂಕಟವೇ ಇಲ್ಲವೆನ್ನುವ ಮುನ್ನ, ಎಲ್ಲ ಶಾಸ್ತ್ರಗಳೂ ಈ ಇತಿಹಾಸವನ್ನು ನೆನೆಯುವುದು ಒಳ್ಳೆಯದು.